ಕೋಲಾರದ ಬೋರ್ ನೀರಿಗೆ ವಾಟರ್ ಸಾಫ್ಟನರ್: ನಾಲ್ಕು ವರ್ಷ ಬಳಸಿದ ಮೇಲೆ

2021ರಲ್ಲಿ ನಮ್ಮ ಮನೆಯ ಗೀಸರ್ ಕೆಟ್ಟಿತು. ಎರಡು ವರ್ಷದಲ್ಲಿ ಅದು ಮೂರನೆಯ ಸಲ. ರಿಪೇರಿಗೆ ಬಂದವರು ಕಾಯಿಲ್ ಹೊರಗೆಳೆದು ನನ್ನ ಕೈಗೆ ಕೊಟ್ಟರು. ಪೆನ್ಸಿಲ್‌ನಷ್ಟು ದಪ್ಪ ಇರಬೇಕಾದದ್ದು ಜೋಳದ ದಿಂಡಿನಷ್ಟಾಗಿತ್ತು. ನೆಲಕ್ಕೆ ತಟ್ಟಿದರೆ ಹಳೆಯ ಗೋಡೆಯ ಗಾರೆಯ ಹಾಗೆ ಬಿಳಿ ಚಕ್ಕೆಗಳು ಉದುರಿದವು. ಆ ತಿಂಗಳೇ 27,500 ರೂಪಾಯಿ ಕೊಟ್ಟು 25 ಲೀಟರ್ ರೆಸಿನ್ (ನೀರಿನ ಗಡಸುತನವನ್ನು ಹಿಡಿದುಕೊಳ್ಳುವ ಸಣ್ಣ ಮಣಿಗಳು) ಇರುವ, ಕೈಯಿಂದ ನಡೆಸುವ ಸಾಫ್ಟನರ್ ಹಾಕಿಸಿದೆವು.

ಸುಣ್ಣಕಲ್ಲಿನ ಪ್ರದೇಶದಲ್ಲಿ ಮಾತ್ರ ನೀರು ಗಡಸಾಗಿರುತ್ತದೆ ಎಂದು ನಾನು ತಿಳಿದಿದ್ದೆ. ನಮ್ಮ ಕಾಲಡಿ ಇರುವುದು ಕಲಬುರಗಿ ಕಡೆಯ ಸುಣ್ಣಕಲ್ಲಲ್ಲ, ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಬಂಡೆ. ಆದರೆ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅಲ್ಲಿಯ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ನಮ್ಮ ಬೋರ್ 1,100 ಅಡಿ. ಊರ ಪಕ್ಕದ ಅಂತರಗಂಗೆ ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರನ್ನು ನೆನೆದು ಅಮ್ಮ ಈ ನೀರನ್ನು ಬೈಯುವುದು ಸುಮ್ಮನೆ ಅಲ್ಲ. ಇದರಲ್ಲಿ ಸೋಪು ನೊರೆ ಬರುವ ಬದಲು ಒಡೆದ ಹಾಲಿನಂತೆ ಬಿಳಿ ತುಣುಕಾಗಿ ಬಕೆಟ್ಟಿನ ಅಂಚಿಗೆ ಹತ್ತುತ್ತದೆ.

ಸಾಫ್ಟನರ್ ಹಾಕಿಸಿದ ಮಾರನೆಯ ದಿನವೇ ಪಕ್ಕದ ಮನೆಯವರು ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಅಳೆಯುವ ಮೀಟರ್ ತಂದು ಅದ್ದಿ ನೋಡಿದರು. ಸಾಫ್ಟನರ್‌ಗೆ ಹೋಗುವ ನೀರು 980, ಅದನ್ನು ದಾಟಿ ಬಂದ ನೀರು 990. "ನಿಮಗೆ ಟೋಪಿ ಹಾಕಿದ್ದಾರೆ ಸರ್" ಎಂದರು. ಈ ತಪ್ಪು ತಿಳಿವಳಿಕೆ ಊರೆಲ್ಲ ಇದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಸಾಫ್ಟನರ್ ನೀರಿನಿಂದ ಲವಣವನ್ನು ತೆಗೆದುಹಾಕುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಾನು ಹಿಡಿದುಕೊಂಡು ಅವುಗಳ ಬದಲಿಗೆ ಸೋಡಿಯಂ ಬಿಡುತ್ತದೆ. ಆದ್ದರಿಂದ ಟಿಡಿಎಸ್ ಇಳಿಯುವುದಿಲ್ಲ, ಒಂದಿಷ್ಟು ಏರಲೂಬಹುದು. ಗಡಸುತನ ಅಳೆಯಲು ಹನಿ ಎಣಿಸುವ ಕಿಟ್ ಬೇಕು. ಪುಟ್ಟ ಶೀಶೆಯಲ್ಲಿ ನೀರು ಹಿಡಿದು ಪುಡಿ ಹಾಕಿದರೆ ನೀರು ದ್ರಾಕ್ಷಿರಸದ ಕೆಂಪಾಗುತ್ತದೆ. ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಅಲುಗಾಡಿಸುತ್ತಿದ್ದರೆ ಯಾವುದೋ ಒಂದು ಹನಿಗೆ ಆ ಕೆಂಪು ತಟ್ಟನೆ ನೀಲಿಯಾಗುತ್ತದೆ. ನನ್ನ ಕಿಟ್‌ನಲ್ಲಿ ಒಂದು ಹನಿಯೆಂದರೆ ಲೀಟರಿಗೆ 25 ಮಿಲಿಗ್ರಾಂ. ಬೋರ್ ನೀರಿಗೆ 21 ಹನಿ ಬೇಕಾಯಿತು, ಎಂದರೆ 525. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಇದಕ್ಕೆ 200 ಅಪೇಕ್ಷಿತ ಮಿತಿ. ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ಸಾಫ್ಟನರ್ ದಾಟಿ ಬಂದ ನೀರು ಮೊದಲ ಹನಿಗೇ ನೀಲಿಯಾಯಿತು. ಪಕ್ಕದ ಮನೆಯವರು ಅದನ್ನು ನಿಂತು ನೋಡಿದರು.

ದುಡಿಮೆ ಇರುವುದು ಉಪ್ಪಿನಲ್ಲಿ. ರೆಸಿನ್ ಹಿಡಿದುಕೊಂಡ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಡಿಸಿ ಮತ್ತೆ ಸೋಡಿಯಂ ತುಂಬುವುದು ಉಪ್ಪುನೀರೇ. ನಾಲ್ಕು ಜನರ ಮನೆಗೆ ದಿನಕ್ಕೆ ಸುಮಾರು 500 ಲೀಟರ್ ನೀರು ಬೇಕು. ಆ ಲೆಕ್ಕದಲ್ಲಿ ಐದು ದಿನಕ್ಕೊಮ್ಮೆ ನಾಲ್ಕು ಕೆಜಿ ಉಪ್ಪು ಕರಗಿಸಿ ರೆಸಿನ್ ತೊಳೆಯಲೇಬೇಕು. ತಿಂಗಳಿಗೆ 25 ಕೆಜಿಯ ಒಂದು ಮೂಟೆ, 300 ರೂಪಾಯಿ. ವಾಲ್ವ್‌ನ ಹಿಡಿ ತಿರುಗಿಸಿ ಮೊದಲು ಹಿಮ್ಮುಖ ತೊಳೆತ, ಆಮೇಲೆ ಉಪ್ಪುನೀರು, ಕೊನೆಗೆ ಸಿಹಿಯಾಗುವವರೆಗೆ ಜಾಲಿಸುವುದು. ಮುಕ್ಕಾಲು ಗಂಟೆ ಹಿಡಿಯುತ್ತದೆ. ಜಾಲಿಸಿದ್ದು ಸಾಕೇ ಎಂದು ಗಡಿಯಾರ ನೋಡಿ ಹೇಳಲಾಗುವುದಿಲ್ಲ, ಹೊರಹೋಗುವ ನೀರನ್ನು ನಾಲಿಗೆಗೆ ಹಚ್ಚಿಯೇ ತಿಳಿಯಬೇಕು.

ಪ್ರತಿ ಸಲ 200 ಲೀಟರ್‌ನಷ್ಟು ನೀರು ಹೊರಹೋಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರಿನಲ್ಲಿ ಇದು ನನಗೆ ತುಂಬಾ ಸಂಕಟ ಕೊಟ್ಟ ವಿಷಯ. ಮೊದಲ ಹಂತದಲ್ಲಿ ಬರುವುದು ಬರಿಯ ಬೋರ್ ನೀರು. ಅದನ್ನು ಈಗ ಡ್ರಮ್ಮಿನಲ್ಲಿ ಹಿಡಿದು ಅಂಗಳ ತೊಳೆಯುತ್ತೇವೆ. ಉಪ್ಪುನೀರು ಮಾತ್ರ ಚರಂಡಿಗೇ ಹೋಗಬೇಕು. ಮೊದಲ ವರ್ಷ ಪ್ಲಂಬರ್ ಆ ಪೈಪನ್ನು ಹಿತ್ತಿಲಿಗೆ ಬಿಟ್ಟಿದ್ದರು, ನಾವೂ ಗಮನಿಸಲಿಲ್ಲ. ಅಮ್ಮ ಹದಿನೈದು ವರ್ಷ ಸಾಕಿದ್ದ ಕರಿಬೇವಿನ ಮರದ ಎಲೆಗಳು ಅಂಚಿನಿಂದ ಕಂದುಗಟ್ಟುತ್ತಾ ಬಂದು ಮರವೇ ಒಣಗಿತು. ಹಾಕಿಸುವವರು ಎಲ್ಲಕ್ಕಿಂತ ಮೊದಲು ಆ ಪೈಪು ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಳ್ಳಿ.

ಎರಡೂವರೆ ವರ್ಷವಾದಾಗ ಬಕೆಟ್ಟಿನ ಮೇಲೆ ಮತ್ತೆ ಬಿಳಿ ಗೆರೆ ಕಂಡಿತು. ಹನಿ ಎಣಿಸಿದರೆ 14. ಸರ್ವಿಸ್‌ಗೆ ಬಂದವರು ಏನನ್ನೂ ಬಿಚ್ಚದೆ, ರೆಸಿನ್ ಸತ್ತಿದೆ, ಬದಲಿಸಲು 9,000 ಆಗುತ್ತದೆ ಎಂದರು. ರೆಸಿನ್ ಇಷ್ಟು ಬೇಗ ಹಾಳಾಗಬಾರದು ಎಂದು ನನಗೆ ಅನುಮಾನ. ಮುಂದಿನ ಸಲ ಉಪ್ಪಿನ ತೊಟ್ಟಿಯ ಪಕ್ಕದಲ್ಲೇ ಕುಳಿತು ನೋಡಿದೆ: ಇಪ್ಪತ್ತು ನಿಮಿಷ ಕಳೆದರೂ ತೊಟ್ಟಿಯ ಮಟ್ಟ ಒಂದು ಬೆರಳೂ ಇಳಿಯಲಿಲ್ಲ. ಉಪ್ಪುನೀರು ಒಳಗೆ ಹೋಗುತ್ತಲೇ ಇರಲಿಲ್ಲ! ಅದನ್ನು ಎಳೆದುಕೊಳ್ಳುವ ಇಂಜೆಕ್ಟರಿನ ತೂತು ಕಲ್ಲುಪ್ಪಿನ ಮಣ್ಣಿನಿಂದ ಮುಚ್ಚಿಹೋಗಿತ್ತು. ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಎರಡು ಸಲ ಬೆನ್ನುಬೆನ್ನಿಗೆ ಉಪ್ಪು ಹಾಯಿಸಿದ ಮೇಲೆ ಮತ್ತೆ ಒಂದೇ ಹನಿ. ಈಗ ಕಲ್ಲುಪ್ಪನ್ನು ಬಕೆಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿಯೇ ತೊಟ್ಟಿಗೆ ಸುರಿಯುತ್ತೇನೆ.

ಕುಡಿಯುವುದಕ್ಕೆ ಈ ನೀರು ಬೇಡ. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಅದನ್ನು ಸಾಫ್ಟನರ್ ಮುಟ್ಟುವುದೇ ಇಲ್ಲ. ಮೇಲಾಗಿ ಸೋಡಿಯಂ ಸೇರಿರುತ್ತದೆ, ಅಮ್ಮನಿಗೆ ಬಿಪಿ ಇದೆ. ಕುಡಿಯಲು, ಅಡುಗೆಗೆ ಇವತ್ತಿಗೂ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ.

ಕಾಯಿಲ್ ಒಂದನ್ನೇ ಲೆಕ್ಕ ಹಿಡಿದರೆ ಹಾಕಿದ ದುಡ್ಡು ಹಿಂದಿರುಗಿಲ್ಲ. ಒಂದು ಕಾಯಿಲ್‌ಗೆ ಕೂಲಿ ಸೇರಿ 1,800 ಆಗುತ್ತಿತ್ತು. ಉಪ್ಪಿಗೇ ಈವರೆಗೆ 14,000 ದಾಟಿದೆ. ಆದರೆ ಬಟ್ಟೆ ಸೋಪಿನ ಪುಡಿ ಅರ್ಧಕ್ಕೆ ಇಳಿದಿದೆ, ಶವರಿನ ತೂತುಗಳನ್ನು ಸೂಜಿಯಿಂದ ಚುಚ್ಚುವ ಕೆಲಸ ತಪ್ಪಿದೆ, ಸ್ನಾನವಾದ ಮೇಲೆ ಅಮ್ಮನ ಕೈಕಾಲು ಬಿಳಿಚಿ ಕೆರೆಯುವುದು ನಿಂತಿದೆ. ಐದು ದಿನಕ್ಕೊಮ್ಮೆ ಮುಕ್ಕಾಲು ಗಂಟೆ ಕೊಡಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಇನ್ನಷ್ಟು ದುಡ್ಡು ಹಾಕಿ ತಾನಾಗಿಯೇ ತೊಳೆದುಕೊಳ್ಳುವ ಮಾದರಿಯನ್ನೇ ತೆಗೆದುಕೊಳ್ಳಿ. ಕಳೆದ ತಿಂಗಳು ಗೀಸರ್ ಬಿಚ್ಚಿಸಿ ನೋಡಿದೆ. ನಾಲ್ಕು ವರ್ಷದ ಹಿಂದೆ ಹಾಕಿದ ಅದೇ ಕಾಯಿಲ್ ಒಳಗಿತ್ತು, ಅದರ ಮೇಲೆ ಉಗುರಿನಿಂದ ಕೆರೆದರೆ ಹೋಗುವಷ್ಟು ತೆಳು ಪುಡಿ.