ಕುದುರೆ ನೋಡ್ಕೋತೀನಿ ಅಂದೋರಿಗೆ ಪಾಸ್‌ವರ್ಡ್ ಕೊಡ್ಬೇಡಿ

ಹೌರ್ಸ್ (Howrse) ಅನ್ನೋ ಆನ್‌ಲೈನ್ ಕುದುರೆ ಗೇಮ್ ಆಡೋರು, ಅದ್ರಲ್ಲೂ ಹೊಸದಾಗಿ ಸೇರಿರೋರು, ದಯವಿಟ್ಟು ಇದನ್ನ ಪೂರ್ತಿ ಓದಿ. ನಾಲ್ಕು ವರ್ಷ ಸಾಕಿದ ಕುದುರೆಗಳನ್ನ ನಾನು ಹನ್ನೊಂದು ದಿನದಲ್ಲಿ ಕಳ್ಕೊಂಡೆ. ಹೆಂಗೆ ಅಂತ ಹೇಳ್ತೀನಿ.

ಗೊತ್ತಿಲ್ದೆ ಇರೋರಿಗೆ, ಇದು ಫ್ರಾನ್ಸ್‌ನೋರು 2005ರಲ್ಲಿ ಶುರು ಮಾಡಿದ ಗೇಮ್, 2011ರಲ್ಲಿ ಯೂಬಿಸಾಫ್ಟ್ ತಗೊಂಡ್ತು. ಕುದುರೆ ಸಾಕೋದೇ ಇದ್ರಲ್ಲಿ ಮುಖ್ಯ. ದಿನಾ ಮೇವು ಹಾಕ್ಬೇಕು, ಅದೂ ಅಳತೆ ನೋಡಿ, ಜಾಸ್ತಿ ಆದ್ರೆ ದಪ್ಪ ಆಗುತ್ತೆ ಕಮ್ಮಿ ಆದ್ರೆ ಸೊರಗುತ್ತೆ, ಆಮೇಲೆ ಓಟ್ಸ್, ನೀರು, ಮೈ ಉಜ್ಜೋದು, ಸವರೋದು, ಕೊನೆಗೆ ಮಲಗಿಸೋದು. ಮಲಗಿಸಿದ್ರೆ ಮಾರನೇ ದಿನಕ್ಕೆ ಎರಡು ತಿಂಗಳು ದೊಡ್ಡದಾಗಿರುತ್ತೆ, ಅಂದ್ರೆ ನಮ್ಮ 6 ದಿನ ಅದಕ್ಕೊಂದು ವರ್ಷ. ಹತ್ತು ವರ್ಷದ ಕುದುರೆ ಅಂದ್ರೆ ಎರಡು ತಿಂಗಳು ಒಂದು ದಿನಾನೂ ಬಿಡ್ದೆ ನೋಡ್ಕೊಂಡಿದೀವಿ ಅಂತ ಅರ್ಥ. ಇನ್ನು ಬ್ಲಪ್, ಅಂದ್ರೆ ಮರಿಗೆ ಒಳ್ಳೆ ಗುಣ ದಾಟಿಸೋ ಶಕ್ತಿಗೆ ಕೊಡೋ ಅಂಕ, 100 ಮುಟ್ಟಿಸೋಕೆ ಟ್ರೇನಿಂಗ್ ಮುಗಿಸ್ಬೇಕು, ಸ್ಪರ್ಧೆಲಿ 20 ಸಲ ಗೆಲ್ಲಿಸ್ಬೇಕು. ಸುಮ್ನೆ ಆಗೋ ಕೆಲ್ಸ ಅಲ್ಲ ಅದು. ನಾನು ಬೆಳಿಗ್ಗೆ ಕಾಫಿ ಕುಡೀತಾ ಅರ್ಧ, ರಾತ್ರಿ ಪಾತ್ರೆ ತೊಳ್ದಾದ್ಮೇಲೆ ಇನ್ನರ್ಧ ಮುಗಿಸ್ತಿದ್ದೆ, 38 ಕುದುರೆ ಇದ್ವು.

ಹೋದ ಶ್ರಾವಣದಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡ್ರು, ಆಪರೇಷನ್ನು, ಹುಬ್ಬಳ್ಳಿಲಿ ಆಸ್ಪತ್ರೆ ವಾಸ, ನಾನೇ ಜೊತೆಗಿದ್ದೆ. ಇಷ್ಟೂ ಕುದುರೆ ಏನ್ಮಾಡೋದು ಅಂತ ನಮ್ಮ ಚಾಟ್ ಗ್ರೂಪಲ್ಲಿ ಹಾಕ್ದೆ. ಎಂಟು ತಿಂಗಳಿಂದ ಪರಿಚಯ ಇದ್ದ ಒಬ್ಬ ಪ್ಲೇಯರ್, ಕನ್ನಡದೋರೇ, "ಅಕ್ಕಾ ಟೆನ್ಷನ್ ಬಿಡಿ, ಅಜ್ಜಿನ ನೋಡ್ಕೊಳಿ, ಕುದುರೆ ನನಗೆ ಬಿಡಿ" ಅಂದ್ರು. ಅವತ್ತು ಆ ಮಾತು ಎಷ್ಟು ಸಮಾಧಾನ ಕೊಡ್ತು ಅಂದ್ರೆ ಹಿಂದೆ ಮುಂದೆ ಯೋಚ್ನೆ ಮಾಡ್ದೆ ಪಾಸ್‌ವರ್ಡ್ ಕಳಿಸ್ಬಿಟ್ಟೆ.

ಮೊದ್ಲ ನಾಲ್ಕು ದಿನ ದಿನಾ ಸ್ಕ್ರೀನ್‌ಶಾಟ್ ಬರ್ತಿತ್ತು, ಎಲ್ಲಾ ಕುದುರೆ ಮಲ್ಕೊಂಡಿವೆ ಅಕ್ಕಾ ಅಂತ. ಐದನೇ ದಿನದಿಂದ ಬರ್ಲಿಲ್ಲ, ನಾನೂ ಕೇಳ್ಲಿಲ್ಲ, ಐಸಿಯು ಹೊರಗಡೆ ಕೂತೋರಿಗೆ ಅದೆಲ್ಲಿ ನೆನಪಾಗುತ್ತೆ. ಒಂಬತ್ತನೇ ದಿನ ರಾತ್ರಿ ಎರಡು ಗಂಟೆಗೆ ನನ್ನ ಜಿಮೇಲ್‌ಗೆ ಯಾರೋ ಲಾಗಿನ್ ಆಗೋಕೆ ನೋಡ್ತಿದಾರೆ ಅಂತ ಫೋನಿಗೆ ಕೋಡ್ ಬಂತು. ಎರಡಕ್ಕೂ ಒಂದೇ ಪಾಸ್‌ವರ್ಡ್ ಇಟ್ಟಿದ್ದೆ ನೋಡಿ. ಕೋಡ್ ಇದ್ದಿದ್ದಕ್ಕೆ ಮೇಲ್ ಉಳೀತು, ಅದ್ರಲ್ಲೇ ಬ್ಯಾಂಕಿನ ಮೇಲ್ಸ್ ಎಲ್ಲಾ ಇವೆ, ಈಗ್ಲೂ ನೆನೆಸ್ಕೊಂಡ್ರೆ ಕೈ ನಡುಗುತ್ತೆ.

ಅಜ್ಜಿ ಡಿಸ್ಚಾರ್ಜ್ ಆದ ಮೇಲೆ ತೆಗ್ದು ನೋಡ್ತೀನಿ, 38ರಲ್ಲಿ ಉಳಿದಿದ್ದು 6. ಬ್ಲಪ್ 100 ಇದ್ದಿದ್ದು ಒಂದೂ ಇಲ್ಲ. ಬೇರೆ ಒಂದು ಅಕೌಂಟಿನೋರು ಮಾತ್ರ ತಗೊಳೋ ಹಂಗೆ ರಿಸರ್ವ್ ಮಾಡಿ ಪುಡಿಗಾಸಿಗೆ ಮಾರಾಟ ಆಗಿದ್ವು. ನಾನು ದುಡ್ಡು ಕೊಟ್ಟು ತಗೊಂಡಿದ್ದ ಪಾಸ್‌ಗಳೂ, ಅಂದ್ರೆ ಗೇಮ್ ಒಳಗೆ ಖರ್ಚು ಮಾಡೋ ನಾಣ್ಯಗಳೂ, ಖಾಲಿ. ಮೆಸೇಜ್ ಮಾಡಿದ್ರೆ ಬ್ಲಾಕ್. ನಾನಾಗೇ ಪಾಸ್‌ವರ್ಡ್ ಕೊಟ್ಟಿದ್ರಿಂದ ಯಾರ ಹತ್ರ ಏನಂತ ವಾದ ಮಾಡೋದು. ಮನೇಲಿ ಹೇಳಿದ್ರೆ "ಮೊಬೈಲ್ ಕುದ್ರೆ ತಾನೇ" ಅಂದ್ರು. ನನಗೆ ಮೂರು ದಿನ ಊಟ ಸೇರ್ಲಿಲ್ಲ.

ಅದಕ್ಕೇ ಕೇಳ್ಕೋತಿದೀನಿ, ಊರಿಗೆ ಹೋಗ್ತಿದೀರಾ, ಪರೀಕ್ಷೆ ಇದ್ಯಾ, ಹೋಗಿ ಬನ್ನಿ, ಕುದುರೆ ಬೆಳೆಯೋದು ನಾಲ್ಕು ದಿನ ತಡ ಆದ್ರೂ ಪರ್ವಾಗಿಲ್ಲ. ಎಷ್ಟೇ ಒಳ್ಳೆ ಮಾತಾಡೋರಾದ್ರೂ ಪಾಸ್‌ವರ್ಡ್ ಮಾತ್ರ ಕೊಡ್ಬೇಡಿ. ಗೇಮಿಗೊಂದು ಮೇಲಿಗೊಂದು ಬೇರೆ ಬೇರೆ ಇಡಿ, ಮೇಲ್‌ಗೆ ಎರಡು ಹಂತದ ಲಾಗಿನ್ ಇವತ್ತೇ ಹಾಕ್ಕೊಳಿ. ಮಕ್ಕಳು ಆಡ್ತಿದ್ರೆ ಗ್ರೂಪಲ್ಲಿ ಯಾರ ಜೊತೆ ಮಾತಾಡ್ತಾರೆ ಅಂತ ಪಕ್ಕದಲ್ಲಿ ಕೂತು ಕೇಳಿ, ಬೈಬೇಡಿ, ಬೈದ್ರೆ ಮುಚ್ಚಿಡ್ತಾರೆ. ಯುಪಿಐ ಮೂಲಕ ಯಾರಾದ್ರೂ ದುಡ್ಡು ಹೊಡೆದಿದ್ರೆ ಮಾತ್ರ ಸುಮ್ನೆ ಕೂರ್ಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನನ್ನ ಮೊದಲ್ನೇ ಹೆಣ್ಣು ಕುದುರೆ ಹೆಸ್ರು ಕೆಂಚಿ, ಕಂದು ಬಣ್ಣ, ಹೆಸ್ರು ಬದ್ಲಾಯ್ಸಿರ್ಬೋದು. ಅದ್ರ ಪೇಜಲ್ಲಿ ತಾಯಿ ಹೆಸ್ರು ಗೌರಿ ಅಂತ ಇರುತ್ತೆ. ಯಾರಿಗಾದ್ರೂ ಮಾರಾಟದಲ್ಲಿ ಕಂಡ್ರೆ ನನಗೊಂದು ಮೆಸೇಜ್ ಹಾಕಿ, ಕೇಳಿದಷ್ಟು ಕೊಟ್ಟು ತಗೋತೀನಿ.