ಅರ್ಲಿ ಇಂಗ್ಲಿಷ್ ಬುಕ್ಸ್ ಆನ್‌ಲೈನ್: ಹುಡುಕಲು ಪಠ್ಯ, ನಂಬಲು ಪುಟದ ಚಿತ್ರ

ಹಳೆಯ ಇಂಗ್ಲಿಷ್ ಪುಸ್ತಕಗಳ ಜಾಲಸಂಗ್ರಹವಾದ ಅರ್ಲಿ ಇಂಗ್ಲಿಷ್ ಬುಕ್ಸ್ ಆನ್‌ಲೈನ್‌ನ ಪಠ್ಯಗಳಲ್ಲಿ ವಿಜಯನಗರದ ಹೆಸರನ್ನು ಇಂದಿನ ಇಂಗ್ಲಿಷ್ ಕಾಗುಣಿತದಲ್ಲಿ ಕೊಟ್ಟು ಹುಡುಕಿದಾಗ ನನಗೆ ಏನೂ ಸಿಗಲಿಲ್ಲ. 'ಬೆಜೆನೆಗರ್' ಎಂದು ಕೊಟ್ಟ ಮೇಲೆ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಸಿಕ್ಕಿದ. ರಕ್ಕಸತಂಗಡಿ ಯುದ್ಧವಾಗಿ ಎರಡು ವರ್ಷಕ್ಕೆ, ಅಂದರೆ 1567ರಲ್ಲಿ, ಆ ನಗರಕ್ಕೆ ಬಂದು ಏಳು ತಿಂಗಳು ನಿಂತವನು ಅವನು. ಊರು ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಬರಿದಾಗಿವೆ, ಅವುಗಳಲ್ಲಿ ಹುಲಿಗಳೂ ಕಾಡುಮೃಗಗಳೂ ವಾಸವಾಗಿವೆಯೆಂದು ಜನ ಹೇಳುತ್ತಾರೆ ಎಂದು ಅವನು ಬರೆದಿದ್ದಾನೆ. ಅವನ ಪ್ರವಾಸಕಥನವನ್ನು ಥಾಮಸ್ ಹಿಕಾಕ್ ಇಂಗ್ಲಿಷಿಗೆ ತಂದು 1588ರಲ್ಲಿ ಲಂಡನ್ನಿನಲ್ಲಿ ಅಚ್ಚುಮಾಡಿಸಿದ. ರಿಚರ್ಡ್ ಹ್ಯಾಕ್ಲೂಯ್ಟ್ 1599ರಲ್ಲಿ ತನ್ನ ಪ್ರವಾಸ ಸಂಕಲನದ ಎರಡನೆಯ ಸಂಪುಟದಲ್ಲಿ ಅದನ್ನು ಮತ್ತೆ ಸೇರಿಸಿಕೊಂಡ. ಹಂಪಿಯ ಬಗ್ಗೆ ಇಷ್ಟು ಹತ್ತಿರದ ಸಾಕ್ಷ್ಯವನ್ನು ಮನೆಯಲ್ಲಿ ಕುಳಿತು, ಯಾರಿಗೂ ಹಣ ಕೊಡದೆ, ಹಳೆಯ ಅಚ್ಚಿನ ಮಾತುಗಳಲ್ಲೇ ಓದುವಂತಾದದ್ದು ನನಗೆ ಬಹಳ ದೊಡ್ಡ ಸಂಗತಿ.

ಅರ್ಲಿ ಇಂಗ್ಲಿಷ್ ಬುಕ್ಸ್ ಆನ್‌ಲೈನ್ ಪ್ರೋಕ್ವೆಸ್ಟ್ ಸಂಸ್ಥೆಯ ಸೇವೆ. 1473ರಿಂದ 1700ರವರೆಗೆ ಅಚ್ಚಾದ ಇಂಗ್ಲಿಷ್ ಪುಸ್ತಕಗಳು, ಕಿರುಹೊತ್ತಿಗೆಗಳು, ರಾಜಾಜ್ಞೆಗಳು, ಧರ್ಮಪ್ರವಚನಗಳು ಎಲ್ಲ ಸೇರಿ 1,46,000ಕ್ಕೂ ಹೆಚ್ಚು ಶೀರ್ಷಿಕೆಗಳು ಇದರಲ್ಲಿವೆ. ಇದರ ಬೇರು ಮೈಕ್ರೋಫಿಲ್ಮಿನಲ್ಲಿದೆ, ಅಂದರೆ ಪುಟಗಳನ್ನು ಕಿರಿದಾಗಿ ಚಿತ್ರ ತೆಗೆದಿಟ್ಟ ಫಿಲ್ಮಿನ ಸುರುಳಿಗಳಲ್ಲಿ. ಅಮೆರಿಕದ ಆನ್ ಆರ್ಬರಿನಲ್ಲಿ ಯೂಜೀನ್ ಪವರ್ 1938ರಲ್ಲಿ ಕಟ್ಟಿದ ಸಂಸ್ಥೆ ದಶಕಗಳ ಕಾಲ ತೆಗೆದ ಸುರುಳಿಗಳೇ ಮುಂದೆ ಗಣಕದ ಚಿತ್ರಗಳಾದವು. ಪುಟಗಳ ಚಿತ್ರ ನೋಡಬೇಕಾದರೆ ವಿಶ್ವವಿದ್ಯಾಲಯವೋ ಗ್ರಂಥಾಲಯವೋ ಚಂದಾ ಕಟ್ಟಿರಬೇಕು. ಆದರೆ ಮಿಶಿಗನ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಮುಂದಾಳತ್ವದ ಟೆಕ್ಸ್ಟ್ ಕ್ರಿಯೇಷನ್ ಪಾರ್ಟ್‌ನರ್‌ಶಿಪ್ ಇದೇ ಚಿತ್ರಗಳಿಂದ ಟೈಪ್ ಮಾಡಿಸಿದ ಪಠ್ಯಗಳು ಎಲ್ಲರಿಗೂ ಮುಕ್ತ. 2015ರ ಜನವರಿಯಲ್ಲಿ ಸುಮಾರು 25,000, 2020ರ ಆಗಸ್ಟ್‌ನಲ್ಲಿ ಸುಮಾರು 35,000 ಪಠ್ಯಗಳು ಹೀಗೆ ಬಿಡುಗಡೆಯಾದವು.

ಈ ಪಠ್ಯಗಳ ಕೆಲಸವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಯಂತ್ರ ಓದಿ ಕೊಟ್ಟದ್ದನ್ನು ಹಾಗೆಯೇ ಸುರಿದಿಲ್ಲ. ಒಂದೇ ಪುಟವನ್ನು ಇಬ್ಬರು ಬೇರೆಬೇರೆಯಾಗಿ ಟೈಪ್ ಮಾಡಿ, ಎರಡನ್ನೂ ಹೋಲಿಸಿ, ಆಮೇಲೆ ಮಾದರಿ ಪುಟಗಳನ್ನು ತಿದ್ದಿ ನೋಡಿದ್ದಾರೆ. 20,000 ಅಕ್ಷರಗಳಲ್ಲಿ ಒಂದಕ್ಕಿಂತ ಹೆಚ್ಚು ತಪ್ಪು ಇರಬಾರದೆಂಬುದು ಅವರು ಇಟ್ಟುಕೊಂಡ ಗುರಿ. ಗೋಥಿಕ್ ಮೊಳೆಯ ದಟ್ಟ ಅಚ್ಚನ್ನೂ, 'ಎಫ್'ನಂತೆಯೇ ಕಾಣುವ ಉದ್ದನೆಯ 'ಎಸ್' ಅಕ್ಷರವನ್ನೂ ಒಮ್ಮೆ ನೋಡಿದವರಿಗೆ ಈ ಗುರಿ ಎಷ್ಟು ಕಠಿಣವೆಂಬುದು ತಿಳಿಯುತ್ತದೆ.

ಕಾಗುಣಿತವನ್ನು ಅವರು ಇಂದಿನ ರೂಪಕ್ಕೆ ತಿದ್ದಿಲ್ಲ, ಅದು ಸರಿಯಾದ ನಿರ್ಧಾರ. ಪದದ ಮೊದಲಲ್ಲಿ 'ಯು' ಬರಬೇಕಾದಲ್ಲಿ 'ವಿ' ಇರುತ್ತದೆ, ನಡುವೆ 'ವಿ' ಬರಬೇಕಾದಲ್ಲಿ 'ಯು' ಇರುತ್ತದೆ. ತಾಳೆಗರಿಯಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದವಿಲ್ಲದ ಬರಹವನ್ನು ಓದಿ ರೂಢಿಯಿರುವ ಕನ್ನಡಿಗರಿಗೆ ಇದು ದೊಡ್ಡ ತೊಡಕಲ್ಲ, ನಾಲ್ಕು ಪುಟಕ್ಕೆ ಕಣ್ಣು ಪಳಗುತ್ತದೆ. ತೊಡಕಿರುವುದು ಊರುಗಳ ಹೆಸರಿನಲ್ಲಿ. 1698ರಲ್ಲಿ ಪುಸ್ತಕ ಪ್ರಕಟಿಸಿದ ವೈದ್ಯ ಜಾನ್ ಫ್ರೈಯರ್ ಕಾರವಾರಕ್ಕೂ ಗೋಕರ್ಣಕ್ಕೂ ಹೋಗಿ ಬಂದವನು. ಅವನಲ್ಲಿ ಗೋಕರ್ಣ 'ಗೋಕರ್ನ್' ಆಗಿದೆ, ಆ ಸೀಮೆಗೆಲ್ಲ 'ಕ್ಯಾನಟಿಕ್' ಎಂಬ ಹೆಸರಿದೆ. ಆದ್ದರಿಂದ ಹುಡುಕುವ ಮೊದಲು ಕಿವಿಗೆ ಬೀಳಬಹುದಾದ ಉಚ್ಚಾರಗಳನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಒಂದೊಂದಾಗಿ ಕೊಟ್ಟು ನೋಡುವುದೇ ದಾರಿ.

ಹುಡುಕಿದ್ದು ಸಿಗದಿದ್ದರೆ ಅದು ಆ ಕಾಲದ ಪುಸ್ತಕಗಳಲ್ಲೇ ಇಲ್ಲವೆಂದು ಬರೆದುಬಿಡುವ ತಪ್ಪನ್ನು ಯಾರೂ ಮಾಡಬಾರದು. ಒಟ್ಟು ಶೀರ್ಷಿಕೆಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಈ ಯೋಜನೆಯಲ್ಲಿ ಟೈಪ್ ಆಗಿಲ್ಲ. ಒಂದು ಕೃತಿಗೆ ಹಲವು ಮುದ್ರಣಗಳಿದ್ದರೆ ಸಾಮಾನ್ಯವಾಗಿ ಮೊದಲನೆಯದನ್ನೇ ಆರಿಸಿಕೊಂಡಿದ್ದಾರೆ. ಓದಲಾಗದ ಅಕ್ಷರದ ಜಾಗದಲ್ಲಿ ಒಂದು ಕಪ್ಪು ಚುಕ್ಕೆ ಇಟ್ಟಿದ್ದಾರೆ. ಶಾಸನದ ಪಾಠದಲ್ಲಿ ನಾವು ತ್ರುಟಿತವೆಂದು ಗುರುತಿಸುವ ಹಾಗೆ ಇದೂ ಪ್ರಾಮಾಣಿಕವಾದ ಕ್ರಮ. ಆದರೆ ಹೆಸರಿನ ನಡುವೆ ಅಂಥ ಚುಕ್ಕೆ ಬಿದ್ದರೆ ಹುಡುಕಾಟಕ್ಕೆ ಆ ಪದ ಸಿಗದೆ ಹೋಗಬಹುದು. ಗ್ರೀಕ್, ಹೀಬ್ರೂ ಸಾಲುಗಳನ್ನಂತೂ ಟೈಪ್ ಮಾಡದೆ, ಬೇರೆ ಲಿಪಿಯಲ್ಲಿದೆ ಎಂಬ ಸೂಚನೆಯಷ್ಟನ್ನೇ ಕೊಟ್ಟಿದ್ದಾರೆ.

ಚಿತ್ರಗಳಿಗೂ ಮಿತಿಯಿದೆ. ಬಹುಪಾಲು ಚಿತ್ರಗಳು ಬರೀ ಕಪ್ಪು ಬಿಳುಪು, ನಡುವಿನ ಬೂದು ಛಾಯೆಯಿಲ್ಲ. ಕೆಂಪು ಶಾಯಿಯ ಅಚ್ಚೂ ಕಪ್ಪಾಗಿಯೇ ಕಾಣುತ್ತದೆ, ಹಿಂಬದಿಯ ಅಚ್ಚು ಈಚೆಗೆ ಮೂಡಿ ಸಾಲುಗಳು ಕಲಸಿಹೋಗುತ್ತವೆ. ಒಂದೇ ಹಾಳೆಯನ್ನು ಎರಡು ಸಲ ಮಡಿಸಿ ಎಂಟು ಪುಟ ಮಾಡಿದ ಕಿರುಹೊತ್ತಿಗೆಯೂ ದೊಡ್ಡ ಬೈಬಲ್ಲೂ ಪರದೆಯ ಮೇಲೆ ಒಂದೇ ಅಳತೆಗೆ ಕಾಣುತ್ತವೆ. ಆ ಕಾಲದ ಅಚ್ಚುಕೂಟಗಳಲ್ಲಿ ಮುದ್ರಣ ನಡೆಯುತ್ತಿರುವಾಗಲೇ ತಿದ್ದುತ್ತಿದ್ದುದರಿಂದ ಒಂದೇ ಮುದ್ರಣದ ಪ್ರತಿಗಳಲ್ಲೂ ಪಾಠಾಂತರವಿರುತ್ತದೆ, ಇಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಒಂದು ಪ್ರತಿ ಮಾತ್ರ.

ಇಷ್ಟೆಲ್ಲ ಕೊರತೆಯಿದ್ದರೂ ಚಿತ್ರವನ್ನು ನೋಡದೆ ಪಠ್ಯವನ್ನಷ್ಟೇ ಉದ್ಧರಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಲಂಡನ್ನಿನ ಸೇಂಟ್ ಪಾಲ್ಸ್ ಬಳಿಯ ಪುಸ್ತಕ ವ್ಯಾಪಾರಿ ಜಾರ್ಜ್ ಥಾಮಸನ್ 1640ರಿಂದ 1661ರವರೆಗೆ, ಅಂತರ್ಯುದ್ಧದ ಗದ್ದಲದ ನಡುವೆ, ಸುಮಾರು 22,000 ಕಿರುಹೊತ್ತಿಗೆ, ಸುದ್ದಿಪತ್ರಗಳನ್ನು ಕೂಡಿಟ್ಟ. ಅವುಗಳಲ್ಲಿ ಬಹಳಷ್ಟರ ಮುಖಪುಟದ ಮೇಲೆ ತಾರೀಖನ್ನು ಕೈಯಾರೆ ಬರೆದ. ಅಚ್ಚಿನ ಅಕ್ಷರವನ್ನಷ್ಟೇ ಟೈಪ್ ಮಾಡಿದ ಪಠ್ಯದಲ್ಲಿ ಈ ಕೈಬರಹ ಇಲ್ಲ. ಪುಸ್ತಕಗಳಿಗೆ ಸರಕಾರದ ಪರವಾನಗಿ ಬೇಕೆಂಬ ಆಜ್ಞೆಯನ್ನು ವಿರೋಧಿಸಿ ಜಾನ್ ಮಿಲ್ಟನ್ 1644ರಲ್ಲಿ ಹೊರತಂದ ಅರಿಯೋಪಜಿಟಿಕಾ ಎಂಬ ಕಿರುಹೊತ್ತಿಗೆಯ ಥಾಮಸನ್ ಪ್ರತಿಯನ್ನು ತೆರೆಯಿರಿ. ಮುಖಪುಟದಲ್ಲಿ ನವೆಂಬರ್ 24 ಎಂಬ ತಾರೀಖು, ಅದರ ಜೊತೆಗೆ ಲ್ಯಾಟಿನ್ನಿನಲ್ಲಿ 'ಲೇಖಕನ ಕೊಡುಗೆ' ಎಂಬ ಎರಡು ಮೂರು ಪದಗಳು ಶಾಯಿಯಲ್ಲಿವೆ.