ಇಡೀ ಕಾಲಂಗೆ ಒಂದೇ ಸೂತ್ರ: ಗೂಗಲ್ ಶೀಟ್ಸ್‌ನ ಅರೇಫಾರ್ಮುಲಾ

ನಮ್ಮ ವಸತಿ ಸಮುಚ್ಚಯದ ನೀರಿನ ಲೆಕ್ಕವನ್ನು ಎರಡು ವರ್ಷಗಳಿಂದ ಗೂಗಲ್ ಶೀಟ್ಸ್ ಎಂಬ ಆನ್‌ಲೈನ್ ಲೆಕ್ಕದ ಹಾಳೆಯಲ್ಲಿ ಇಡುತ್ತಿರುವ ನನಗೆ ಅದರ ನೂರಾರು ಸೌಲಭ್ಯಗಳ ಪೈಕಿ ಪ್ರತಿ ತಿಂಗಳೂ ಬೇಕಾಗುವುದು ಒಂದೇ: ಮೀಟರಿನ ಈಗಿನ ಅಂಕಿಯಿಂದ ಹಿಂದಿನ ಅಂಕಿಯನ್ನು ಕಳೆದು, ಬಂದದ್ದನ್ನು ದರದಿಂದ ಗುಣಿಸುವ ಸೂತ್ರವನ್ನು ಇಡೀ ಕಾಲಂಗೆ ಅನ್ವಯಿಸುವುದು. ಈ ವಿಮರ್ಶೆಯೂ ಆ ಒಂದು ಕೆಲಸಕ್ಕೇ ಸೀಮಿತವಾಗಿದೆ.

ಎಲ್ಲರೂ ಬಲ್ಲ ದಾರಿಯೆಂದರೆ ಮೊದಲ ಸೆಲ್‌ನಲ್ಲಿ (ಹಾಳೆಯ ಚೌಕದಲ್ಲಿ) ಸೂತ್ರ ಬರೆದು, ಅದರ ಬಲ ಕೆಳಮೂಲೆಯ ಚುಕ್ಕೆಯನ್ನು ಹಿಡಿದು ಕೆಳಗೆ ಎಳೆಯುವುದು. ದರವನ್ನು ಒಂದೇ ಸೆಲ್‌ನಲ್ಲಿ ಇಟ್ಟಿದ್ದರೆ ಅದರ ವಿಳಾಸಕ್ಕೆ ಡಾಲರ್ ಚಿಹ್ನೆ ಹಾಕಲೇಬೇಕು. ಇಲ್ಲವಾದರೆ ಪ್ರತಿ ಸಾಲಿಗೂ ವಿಳಾಸ ಒಂದೊಂದು ಸೆಲ್ ಕೆಳಗೆ ಜಾರುತ್ತದೆ. ಮೊದಲ ತಿಂಗಳು ಅದನ್ನು ಮರೆತ ನಾನು ಮೊದಲನೆಯ ಮನೆಯೊಂದನ್ನು ಬಿಟ್ಟು ಉಳಿದವರಿಗೆಲ್ಲ ಸೊನ್ನೆ ರೂಪಾಯಿಯ ಬಿಲ್ಲು ಕಳುಹಿಸಿದ್ದೆ. ದೂರು ಹೇಳಿದವರು ಆ ಮೊದಲನೆಯ ಮನೆಯವರು ಮಾತ್ರ.

ನಿವಾಸಿಗಳು ಅಂಕಿಗಳನ್ನು ಗೂಗಲ್ ಫಾರ್ಮ್ಸ್ ಎಂಬ ಆನ್‌ಲೈನ್ ನಮೂನೆಯ ಮೂಲಕ ಕಳುಹಿಸಲು ತೊಡಗಿದ ಮೇಲೆ ಈ ದಾರಿ ಸಾಲದಾಯಿತು. ಪ್ರತಿ ಉತ್ತರವೂ ಹೊಸ ಸಾಲಾಗಿ ಬಂದು ಸೇರುತ್ತದೆ. ಮೊದಲೇ ಎಳೆದಿಟ್ಟ ಸೂತ್ರ ಆ ಸಾಲಿಗೆ ತಾನಾಗಿ ಬರುವುದಿಲ್ಲ. ಒಂದೇ ಸೆಲ್‌ನಲ್ಲಿ ಬರೆದ ಸೂತ್ರವನ್ನು ಇಡೀ ಕಾಲಂಗೆ ಹರಡುವ ಅರೇಫಾರ್ಮುಲಾ ಎಂಬ ಫಂಕ್ಷನ್‌ನ ನಿಜವಾದ ಉಪಯೋಗ ಇಲ್ಲಿದೆ. ಸೂತ್ರದಲ್ಲಿ ಸಿ2 (ಸಿ ಕಾಲಂನ ಎರಡನೆಯ ಸಾಲಿನ ಸೆಲ್) ಎನ್ನುವ ಬದಲು ಸಿ2ರಿಂದ ಕಾಲಂನ ಕೊನೆಯವರೆಗೆ ಎಂದು ಬರೆದು, ಕಂಟ್ರೋಲ್, ಶಿಫ್ಟ್, ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಶೀಟ್ಸ್ ತಾನೇ ಸೂತ್ರದ ಸುತ್ತ ಅರೇಫಾರ್ಮುಲಾ ಸೇರಿಸುತ್ತದೆ, ಅನಂತರ ಬರುವ ಸಾಲುಗಳಿಗೂ ಲೆಕ್ಕ ತಾನಾಗಿ ಬೀಳುತ್ತದೆ. ಖಾಲಿ ಸಾಲುಗಳಲ್ಲೆಲ್ಲ ಸೊನ್ನೆ ಕಾಣಿಸುವುದು ಕಿರಿಕಿರಿಯೇ ಆದರೂ, ಸೆಲ್ ಖಾಲಿ ಇದ್ದರೆ ಖಾಲಿಯನ್ನೇ ತೋರಿಸು ಎಂಬ ಇಫ್ ಷರತ್ತಿನಿಂದ ಅದು ಬಗೆಹರಿಯುತ್ತದೆ.

ಕೊರತೆಯೂ ಇದೆ. ಸಮ್ (ಮೊತ್ತ), ಆ್ಯಂಡ್ (ಎಲ್ಲ ಷರತ್ತುಗಳೂ ನಿಜವೇ), ಆರ್ (ಯಾವುದಾದರೂ ಒಂದು ನಿಜವೇ) ಮುಂತಾದ ಫಂಕ್ಷನ್‌ಗಳು ಅರೇಫಾರ್ಮುಲಾದೊಳಗೆ ಸಾಲುಸಾಲಾಗಿ ಕೆಲಸ ಮಾಡದೆ ಇಡೀ ವ್ಯಾಪ್ತಿಯನ್ನು ಒಂದೇ ಉತ್ತರಕ್ಕೆ ಇಳಿಸಿಬಿಡುತ್ತವೆ. ಹೊಸಬರು ಸೂತ್ರವೇ ತಪ್ಪಿದೆಯೆಂದು ತಲೆ ಕೆಡಿಸಿಕೊಳ್ಳುವುದು ಇಲ್ಲಿಯೇ. ಪ್ರತಿ ಸಾಲಿಗೂ ಬೇರೆಬೇರೆಯಾಗಿ ಲೆಕ್ಕ ಮಾಡುವ, 2022ರಲ್ಲಿ ಬಂದ ಬೈರೋ ಎಂಬ ಫಂಕ್ಷನ್ ಇದಕ್ಕೆ ಪರಿಹಾರವಾದರೂ, ಅದರೊಳಗೆ ಲ್ಯಾಂಬ್ಡಾ, ಅಂದರೆ ನಾವೇ ರೂಪಿಸುವ ಪುಟ್ಟ ಫಂಕ್ಷನ್, ಬರೆಯುವುದನ್ನು ಕಲಿಯಬೇಕು. ಈ ವಿಷಯದಲ್ಲಿ ಮೈಕ್ರೋಸಾಫ್ಟ್‌ನ ಎಕ್ಸೆಲ್ ನನಗೆ ಹೆಚ್ಚು ಸರಳವೆನಿಸಿತು. ಅಲ್ಲಿ ಮಾಹಿತಿಯನ್ನು ಟೇಬಲ್ ಆಗಿ ಮಾಡಿಕೊಂಡರೆ ಒಂದು ಸೆಲ್‌ನಲ್ಲಿ ಬರೆದ ಸೂತ್ರ ಇಡೀ ಕಾಲಂಗೆ ಹರಡುತ್ತದೆ, ಹೊಸ ಸಾಲಿಗೂ ಸೇರಿಕೊಳ್ಳುತ್ತದೆ, ಪ್ರತಿ ಸೆಲ್‌ನಲ್ಲೂ ಸೂತ್ರ ಕಣ್ಣಿಗೆ ಕಾಣುತ್ತದೆ.

ಹಲವರು ಕೈಯಾಡಿಸುವ ಹಾಳೆಯಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಅರೇಫಾರ್ಮುಲಾ ಹರಡಿರುವ ಕಾಲಂನ ಯಾವುದೇ ಸೆಲ್‌ನಲ್ಲಿ ಯಾರಾದರೂ ಒಂದು ಅಂಕಿ ಟೈಪ್ ಮಾಡಿದರೆ ಸಾಕು, ಉಳಿದ ಉತ್ತರಗಳೆಲ್ಲ ಮಾಯವಾಗಿ, ಸೂತ್ರವಿರುವ ಸೆಲ್‌ನಲ್ಲಿ ರೆಫ್ ಎಂಬ ದೋಷಸೂಚನೆ ಮಾತ್ರ ಉಳಿಯುತ್ತದೆ. ಆ ಅಂಕಿಯನ್ನು ಅಳಿಸಿದೊಡನೆ ಎಲ್ಲವೂ ಮರಳುತ್ತದೆ ನಿಜ, ಆದರೆ ಅದು ಎಷ್ಟನೆಯ ಸಾಲಿನಲ್ಲಿದೆಯೆಂದು ಹುಡುಕುವ ಬದಲು ಆ ಕಾಲಂ ಅನ್ನು ಇತರರು ತಿದ್ದದಂತೆ ಮೊದಲೇ ರಕ್ಷಿಸಿಡುವುದು ಲೇಸು.